ಕಾಲರ್ ಗುಳ್ಳೆಗೆ ಬಕೆಟ್ ನೀರಿನ ಮದ್ದು

ಕಾಲರ್ ಗಟ್ಟಿ ನಿಲ್ಲಲಿ ಅಂತ ಒಳಗೆ ಇಸ್ತ್ರಿ ಒತ್ತಿ ಅಂಟಿಸುವ ಬಟ್ಟೆ ಫ್ಯೂಸಿಂಗ್ ಕ್ಯಾನ್ವಾಸ್. ಅಂಟಿಸುವ ಮೊದಲು ಅದನ್ನು ನೀರಿಗೆ ಹಾಕುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. "ಅಂಟೆಲ್ಲ ತೊಳೆದು ಹೋಗುತ್ತೆ, ಆಮೇಲೆ ಗೋಂದು ಹಚ್ಚಿ ಅಂಟಿಸ್ತೀಯಾ?" ಅಂತ ನನ್ನ ಜೊತೆ ಕಟಿಂಗ್ ಕಲಿತವನೇ ಕೇಳಿದ. ಈಗ ಅವನ ಹಗ್ಗದ ಮೇಲೂ ಕ್ಯಾನ್ವಾಸ್ ನೇತಾಡುತ್ತಿದೆ. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ಶುರುವಾಗಿದ್ದು ಒಂದು ದೊಡ್ಡ ಆರ್ಡರ್‌ನಿಂದ. ಒಂದೇ ತಂಡಕ್ಕೆ 36 ಶರ್ಟ್, ತಿಳಿ ನೀಲಿ ಕಾಟನ್. ಕೊಟ್ಟ ದಿನ ಕಾಲರ್‌ಗಳು ಹಲಗೆಯ ಹಾಗೆ ಕೂತಿದ್ದವು. ನಾನೇ ಫೋಟೊ ತೆಗೆದು ಎಲ್ಲರಿಗೂ ತೋರಿಸಿದೆ. ಮೂರು ವಾರಕ್ಕೆ ಮೊದಲ ಶರ್ಟ್ ವಾಪಸ್ ಬಂತು, ಕಾಲರ್ ಮೇಲೆಲ್ಲ ಗುಳ್ಳೆ. ತಿಂಗಳು ಮುಗಿಯುವ ಹೊತ್ತಿಗೆ ಸುಮಾರು ಇಪ್ಪತ್ತು ಬಂದಿದ್ದವು. ಎಲ್ಲದರ ಕಾಲರ್ ಬಿಚ್ಚಿ, ಹೊಸ ಬಟ್ಟೆ ತಂದು, ಪುಕ್ಕಟೆ ಹೊಲಿದುಕೊಟ್ಟೆ. ಆ ಆರ್ಡರ್‌ನ ಲಾಭ ಪೂರ್ತಿ ಹೋಯಿತು, ಮುಂದಿನ ಆರ್ಡರ್‌ನ ಅರ್ಧವೂ ಅದರ ಹಿಂದೆಯೇ ಹೋಯಿತು. ಕಾಲರ್ ಬಿಚ್ಚುವುದು ಎಷ್ಟು ಹಾಳು ಕೆಲಸ ಅಂತ ನಿಮಗೆ ಗೊತ್ತೇ ಇದೆ. ಹೊಸದಾಗಿ ಹೊಲಿಯಲು ಹಿಡಿಯುವ ಹೊತ್ತಿಗಿಂತ ಹೆಚ್ಚು ಅದಕ್ಕೇ ಹಿಡಿಯುತ್ತದೆ.

ಎಲ್ಲರೂ ಹೇಳಿದ್ದು ಒಂದೇ: ಬಿಸಿ ಸಾಲಲಿಲ್ಲ. ಸರಿ ಅಂತ ಬಿಸಿ ಏರಿಸಿದೆ. ಮೊದಲು 140 ಡಿಗ್ರಿ ಹತ್ತಿರ ಒತ್ತುತ್ತಿದ್ದವನು 165ರವರೆಗೂ ಹೋದೆ. ಅಂಟು ಬಟ್ಟೆಯ ಆಚೆಗೇ ಬಂತು, ತಿಳಿ ಬಣ್ಣದ ಮೇಲೆ ಎಣ್ಣೆ ಬಿದ್ದ ಹಾಗೆ ಚುಕ್ಕಿ. ಎರಡು ಮೀಟರ್ ಬಟ್ಟೆ ಹಾಳು. ಆಮೇಲೆ ಇನ್ನೊಬ್ಬರು, ಕ್ಯಾನ್ವಾಸ್ ಚೀಪ್ ಇರಬೇಕು ಅಂದರು. ಎರಡು ಪಟ್ಟು ದುಡ್ಡು ಕೊಟ್ಟು ಒಳ್ಳೆಯ ನೇಯ್ಗೆಯದು ತಂದೆ. ಗುಳ್ಳೆ ಕಡಿಮೆಯಾಯಿತು, ಹೋಗಲಿಲ್ಲ. ನಾಲ್ಕೈದು ಒಗೆತ ತಡೆದು ಆಮೇಲೆ ಬಂತು. ಅದು ಇನ್ನೂ ಕೆಟ್ಟದ್ದು ಅಲ್ವಾ, ಅಷ್ಟರಲ್ಲಿ ಗಿರಾಕಿ ನಾಲ್ಕು ಜನಕ್ಕೆ ನಮ್ಮ ಹೆಸರು ಹೇಳಿರುತ್ತಾನೆ.

ಸಿಟ್ಟಿಗೆ ಫ್ಯೂಸಿಂಗೇ ಬೇಡ ಅಂತ ಎರಡು ತಿಂಗಳು ಅಂಟಿಲ್ಲದ ಕ್ಯಾನ್ವಾಸ್ ಹಾಕಿ ಹೊಲಿದೆ. ಪದರ ಜೋಡಿಸಿ, ಸುತ್ತಲೂ ಕಚ್ಚಾ ಹೊಲಿಗೆ ಹಾಕಿ, ಮೇಲ್ ಕಾಲರ್ ಬಗ್ಗಿಸಿ ಹಿಡಿದು. ಒಂದು ಗುಳ್ಳೆಯೂ ಇಲ್ಲ, ನಿಜ. ಆದರೆ ಒಂದು ಕಾಲರ್‌ಗೆ ಮೊದಲಿನ ಎರಡೂವರೆ ಪಟ್ಟು ಹೊತ್ತು, ಮಜೂರಿ ಮಾತ್ರ ಅಷ್ಟೇ. ಮೇಲಿಂದ "ಕಾಲರ್ ಗಟ್ಟಿ ಇಲ್ಲ" ಅನ್ನುವ ತಕರಾರು ಬೇರೆ.

ಉತ್ತರ ಸಿಕ್ಕಿದ್ದು ತಲೆ ಓಡಿಸಿ ಅಲ್ಲ, ಕೈ ಜಾರಿ. ಕತ್ತರಿಸಿಟ್ಟ ಒಂದು ಕ್ಯಾನ್ವಾಸ್ ಕಾಲರ್ ನೀರಿನ ಬಕೆಟ್‌ಗೆ ಬಿತ್ತು. ತೆಗೆದು ಹಾಗೇ ಒಣಹಾಕಿದೆ. ಮಾರನೇ ದಿನ ಸುಮ್ನೆ ಪ್ಯಾಟರ್ನ್ ಮೇಲೆ ಇಟ್ಟರೆ ಕೂರುತ್ತಿಲ್ಲ. 42 ಸೆಂಟಿಮೀಟರ್ ಉದ್ದದ ತುಂಡು 7–8 ಮಿಲಿಮೀಟರ್ ಗಿಡ್ಡ! ಬಟ್ಟೆಯನ್ನು ನಾನು ಮೊದಲೇ ನೆನೆಸಿ ಕುಗ್ಗಿಸಿಯೇ ಕತ್ತರಿಸುತ್ತಿದ್ದೆ, ಅದು ಇನ್ನು ಕದಲುವುದಿಲ್ಲ. ಕ್ಯಾನ್ವಾಸ್ ಮಾತ್ರ ಗಿರಾಕಿಯ ಮನೆಯಲ್ಲಿ, ಮೊದಲ ಒಗೆತದಲ್ಲಿ ಕುಗ್ಗುತ್ತಿತ್ತು. ಮೇಲಿನ ಬಟ್ಟೆ ಉಳಿದು ಎಲ್ಲಿಗೆ ಹೋಗಬೇಕು? ಗುಳ್ಳೆಯಾಗಿ ಏಳುತ್ತದೆ. ಇಷ್ಟು ದಿನ ಇಸ್ತ್ರಿಯನ್ನು ಬೈದಿದ್ದೇ ಬಂತು.

ಮರುದಿನವೇ ಮನೆಯಲ್ಲಿದ್ದ ಎಲ್ಲ ಕ್ಯಾನ್ವಾಸ್‌ನಿಂದ 50 ಸೆಂಟಿಮೀಟರ್ ಚೌಕ ಕತ್ತರಿಸಿ, ಪೆನ್ನಿನಲ್ಲಿ ಗೆರೆ ಹಾಕಿ, ನೆನೆಸಿ ಅಳೆದೆ. ಅಗ್ಗದ್ದು ಹಾಸಿನ ಕಡೆ, ಅಂದರೆ ಉದ್ದ ಎಳೆಯ ಕಡೆ, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಕುಗ್ಗಿತು. ದುಬಾರಿಯದು ಅದರ ಅರ್ಧ. ಹೊಕ್ಕಿನ ಕಡೆ, ಅಂದರೆ ಅಡ್ಡ ಎಳೆಯ ಕಡೆ, ಎರಡೂ ಅಷ್ಟೇನೂ ಇಲ್ಲ. ನೇಯದೆ ನಾರನ್ನು ಒತ್ತಿ ಮಾಡಿದ ನಾನ್-ವೋವನ್ ಬಹುತೇಕ ಕುಗ್ಗಲೇ ಇಲ್ಲ. ಆದರೆ ಅದನ್ನು ಹಿಂಡಿದ್ದು ತಪ್ಪಾಯಿತು, ಮಡಿಕೆ ಬಿದ್ದ ಕಡೆಯೆಲ್ಲ ಅಂಟಿನ ಚುಕ್ಕೆ ಉದುರಿತು.

ಈಗ ನಾನು ಮಾಡುವುದು ಇಷ್ಟು. ಕೈ ಇಟ್ಟರೆ ತಡೆಯುವಷ್ಟು ಬಿಸಿ ನೀರು ಬಕೆಟ್‌ಗೆ, ಕ್ಯಾನ್ವಾಸನ್ನು ಸಡಿಲವಾಗಿ ಮಡಿಚಿ ಒಳಗಿಟ್ಟು ನೀರು ತಣ್ಣಗಾಗುವ ತನಕ ಬಿಡುವುದು. ಕುದಿಯುವ ನೀರು ಬೇಡ. ತಿರುಚಬೇಡಿ, ಹಿಂಡಬೇಡಿ, ಉಜ್ಜಬೇಡಿ. ಎತ್ತಿ ನೀರು ಇಳಿಯಲು ಬಿಟ್ಟು, ಹಗ್ಗದ ಮೇಲೆ ಅಗಲವಾಗಿ ಹರಡಿದರೆ ಸಾಕು. ಅಂಟು ಇಸ್ತ್ರಿಯ ಬಿಸಿಗೆ ಕರಗುವಂಥದ್ದು, ಇಷ್ಟು ನೀರಿಗೆ ಅದಕ್ಕೆ ಏನೂ ಆಗುವುದಿಲ್ಲ. ನಕ್ಕವರಿಗೆ ಒಣಗಿದ ತುಂಡು ಅಂಟಿಸಿ ಕೈಗೆ ಕೊಟ್ಟೆ, ಕಿತ್ತು ತೋರಿಸಿ ಅಂತ. ಕಿತ್ತರು, ಬಟ್ಟೆಯ ಎಳೆಯೂ ಜೊತೆಗೆ ಬಂತು.

ಮೊದಲ ಸಲ ನಾನು ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. ಒಣಗಿದ ಮೇಲೆ ಸುಕ್ಕು ಇತ್ತು, ನೇರ ಇಸ್ತ್ರಿ ಇಟ್ಟೆ. ಅಂಟಿನ ಬದಿ ಕೆಳಗಿತ್ತು. ಎರಡು ಮೀಟರ್ ಕ್ಯಾನ್ವಾಸ್ ಇಸ್ತ್ರಿ ಮೇಜಿನ ಹೊದಿಕೆಗೆ ಜನ್ಮಜನ್ಮದ ನಂಟಿನ ಹಾಗೆ ಹತ್ತಿಕೊಂಡಿತು. ಮೇಜಿಗೆ ಹೊಸ ಬಟ್ಟೆ ಹೊದಿಸಬೇಕಾಯಿತು. ಈಗ ಸುಕ್ಕಿನ ಗೋಜಿಗೇ ಹೋಗುವುದಿಲ್ಲ, ಒದ್ದೆ ಇರುವಾಗಲೇ ಕೈಯಲ್ಲಿ ತೀಡಿ ಹರಡುತ್ತೇನೆ.

ಅಂಟಿಸುವಾಗ ಎರಡು ಮಾತು. ಬಟ್ಟೆಗೆ ಮೊದಲು ಆವಿ ಕೊಟ್ಟು ಒತ್ತಿ, ಉಳಿದ ಕುಗ್ಗುವಿಕೆ ಅಲ್ಲೇ ಮುಗಿಯಲಿ. ಇಸ್ತ್ರಿಯನ್ನು ಎಳೆಯದೆ ಎತ್ತಿ ಎತ್ತಿ ಇಡಿ, ಒಂದೊಂದು ಕಡೆ 12ರಿಂದ 15 ಸೆಕೆಂಡ್. ನಾನು ಬಾಯಲ್ಲೇ ಎಣಿಸುತ್ತೇನೆ. ಆಮೇಲೆ ಮುಟ್ಟಬೇಡಿ. ಅಂಟು ಬಿಸಿ ಇರುವಾಗಲೇ ಎತ್ತಿದರೆ ಆ ಬಾಗು ಹಾಗೇ ನಿಲ್ಲುತ್ತದೆ. ನಾನು ಚಪ್ಪಟೆಯಾಗಿ ರಾತ್ರಿಯಿಡೀ ಬಿಡುತ್ತೇನೆ. ಅಷ್ಟು ಬೇಕಿಲ್ಲ, ಅರ್ಧ ಗಂಟೆ ಸಾಕು, ನನಗೆ ಭಯ ಅಷ್ಟೇ.

ಕ್ಯಾನ್ವಾಸನ್ನು ಹೊಲಿಗೆ ಗೆರೆಗಿಂತ ಒಂದು ಮಿಲಿಮೀಟರ್ ಒಳಗೆ ನಿಲ್ಲಿಸುತ್ತೇನೆ. ಹೊಲಿಗೆಯ ಆಚೆ ಬಿಡುವ ಮಾರ್ಜಿನ್‌ಗೂ ಅದು ಹೋದರೆ ತಿರುವಿದಾಗ ಅಂಚು ದಪ್ಪ. ಕೆಳ ಕಾಲರ್ ಮೇಲಿನದಕ್ಕಿಂತ 2 ಮಿಲಿಮೀಟರ್ ಚಿಕ್ಕದು, ದಪ್ಪ ಬಟ್ಟೆಗೆ ಮೂರು. ಮೂಲೆಯಲ್ಲಿ ನೇರ ತಿರುಗಬೇಡಿ, ಒಂದು ಹೊಲಿಗೆ ಅಡ್ಡ ಹಾಕಿ ತಿರುಗಿ, ಚೂಪು ಚೆನ್ನಾಗಿ ಬರುತ್ತದೆ. ಕಾಲರ್ ತುದಿಗೆ ನಾನು ಒಳಗೆ ಇನ್ನೊಂದು ಸಣ್ಣ ತುಂಡು ಅಂಟಿಸುತ್ತೇನೆ, ಅದರಿಂದಲೇ ತುದಿ ಮೇಲಕ್ಕೆ ಏಳುವುದಿಲ್ಲ. ಅದರ ಆಕಾರ ಏನು, ಎಷ್ಟು ಓರೆ, ಯಾವ ಪದರದ ಮೇಲೆ ಅನ್ನುವುದನ್ನು ಮಾತ್ರ ಕೇಳಬೇಡಿ. ಹೊಟ್ಟೆಪಾಡು ನೋಡಿ.

ಬಕೆಟ್ ಹುಚ್ಚು ಹಿಡಿದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ನೆನೆಸಿದೆ. ಕಾಟನ್ ಲೇಸ್ ಒಂದು ಮೀಟರ್ ಮೂರ್ನಾಲ್ಕು ಸೆಂಟಿಮೀಟರ್ ಕುಗ್ಗಿತು. ಹಿಂದೊಮ್ಮೆ ಪಾಲಿಯೆಸ್ಟರ್ ಫ್ರಾಕ್ ಅಂಚಿಗೆ ಅದೇ ಲೇಸ್ ಹಾಕಿದ್ದೆ, ಒಗೆದ ಮೇಲೆ ಅಂಚು ನೆರಿಗೆ ಕಟ್ಟಿ ಛತ್ರಿಯ ಹಾಗೆ ನಿಂತಿತ್ತು. ಕಾರಣ ಈಗ ಗೊತ್ತಾಯಿತು. ಅಂಚಿಗೆ ಉಬ್ಬಿ ಕಾಣುವ ಹಾಗೆ ಹಾಕುವ ಪೈಪಿಂಗ್ ಒಳಗಿನ ಕಾಟನ್ ದಾರವೂ ಅಷ್ಟೇ ಕಳ್ಳ. ಭುಜದ ಹೊಲಿಗೆ ಎಳೆಯದಿರಲಿ ಅಂತ ಹಾಕುವ ಟ್ವಿಲ್ ಟೇಪ್ ಕೂಡ ಕುಗ್ಗಿತು. ಅದನ್ನು ನೆನೆಸದೆ ಹಾಕಿ, ಭುಜ ಯಾಕೆ ಸುಕ್ಕು ಅಂತ ನಾನು ವರ್ಷಗಟ್ಟಲೆ ಮಷಿನ್‌ನ ದಾರದ ಬಿಗಿ ಹೊಂದಿಸುವ ಟೆನ್ಷನ್ ಸ್ಕ್ರೂ ತಿರುಗಿಸಿದ್ದೇನೆ.

ಜಿಪ್ ಬಗ್ಗೆ ನನ್ನ ಲೆಕ್ಕ ತಪ್ಪಿತು. ಕಾಣದ ಜಿಪ್ ಹಾಕಿದ ಕಡೆ ಅಲೆ ಅಲೆಯಾಗಿ ಬರುವುದಕ್ಕೂ ಇದೇ ಕಾರಣ ಅಂದುಕೊಂಡು ನೆನೆಸಿದೆ, ಕೂದಲೆಳೆಯಷ್ಟೂ ಕುಗ್ಗಲಿಲ್ಲ, ಪಾಲಿಯೆಸ್ಟರ್ ಟೇಪ್ ಅದು. ಅಲ್ಲಿ ತಪ್ಪು ಬಟ್ಟೆಯದು, ಹೊಲಿಯುವಾಗ ಹಿಗ್ಗುತ್ತದೆ. ಎರಡು ಸೆಂಟಿಮೀಟರ್ ಅಗಲದ ತೆಳು ಫ್ಯೂಸಿಂಗ್ ಪಟ್ಟಿಯನ್ನು ಮಾರ್ಜಿನ್ ಹಿಂದೆ ಅಂಟಿಸಿದೆ, ಸರಿ ಹೋಯಿತು.

ಇನ್ನೊಂದು ಪ್ರಯೋಗ ಆರ್ಗಾಂಜಾ, ತೆಳುವಾದರೂ ಬಿರುಸಾಗಿ ನಿಲ್ಲುವ ಪಾರದರ್ಶಕ ಬಟ್ಟೆ. ಸಡಿಲ ನೇಯ್ಗೆಯ ಜಾಕೆಟ್ ಬಟ್ಟೆಗೆ ಫ್ಯೂಸಿಂಗ್ ಹಾಕಿದರೆ ಅದರ ಜೀವವೇ ಹೋಗುತ್ತದೆ. ರೇಷ್ಮೆ ಆರ್ಗಾಂಜಾವನ್ನು ಹಿಂದಿಟ್ಟು ಎರಡನ್ನೂ ಒಂದೇ ಬಟ್ಟೆ ಅಂತ ಭಾವಿಸಿ ಹೊಲಿದೆ. ತೂಕ ಗೊತ್ತೇ ಆಗಲ್ಲ, ಬಟ್ಟೆ ನೆಟ್ಟಗೆ ನಿಲ್ಲುತ್ತದೆ. ಖರ್ಚು ಮಾತ್ರ ಲೈನಿಂಗ್‌ಗೆ ಆದದ್ದಕ್ಕಿಂತ ಜಾಸ್ತಿಯಾಯಿತು, ಆ ಜಾಕೆಟ್‌ನಲ್ಲಿ ನನಗೆ ಉಳಿದದ್ದು ಹೊಗಳಿಕೆ ಅಷ್ಟೇ. ಅದರದೇ ಲೈನಿಂಗ್‌ಗೆ ಬೆನ್ನಿನ ನಡುವೆ ಸಡಿಲ ಮಡಿಕೆ ಬಿಡಲು ಮರೆತು, ಕೈ ಮುಂದೆ ಚಾಚಿದ ಕೂಡಲೇ ಪರ್ ಅಂತ ಹರಿದ ಕಥೆ ಬೇರೆ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಒಂದು ಶರ್ಟಿನ ಖರ್ಚಿನಲ್ಲಿ ಕ್ಯಾನ್ವಾಸ್‌ನ ಪಾಲು ನನ್ನ ಅಂದಾಜಿಗೆ ನೂರಕ್ಕೆ ಐದೂ ಇರಲಿಕ್ಕಿಲ್ಲ. ನೆನೆಸಿದ್ದರಿಂದ ಮೀಟರ್‌ಗೆ ಎರಡು ಸೆಂಟಿಮೀಟರ್ ನಷ್ಟ, ಜೊತೆಗೆ ಒಂದು ದಿನ ಮುಂಚೆ ಯೋಚನೆ ಮಾಡುವ ತಲೆನೋವು. ದುಬಾರಿ ಕ್ಯಾನ್ವಾಸ್ ಬಿಟ್ಟು ಮತ್ತೆ ಮಧ್ಯಮ ದರದ್ದಕ್ಕೇ ಇಳಿದಿದ್ದೇನೆ, ನೆನೆಸಿದ ಮೇಲೆ ಎರಡಕ್ಕೂ ಒಗೆತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ಕಾಲರ್ ಹೊಲಿದು ಹತ್ತು ಸಲ ಒಗೆದು, ಹತ್ತು ಸಲ ಇಸ್ತ್ರಿ ಮಾಡಿ ನೋಡಿದ ಮೇಲೆಯೇ ಆರ್ಡರ್‌ಗೆ ಹಾಕಿದ್ದು.

ವೆಲ್ವೆಟ್ ಕಾಲರ್‌ಗೆ ಮಾತ್ರ ಇದು ನಡೆಯಲಿಲ್ಲ. ನೆನೆಸಲಿ ಬಿಡಲಿ, ಇಸ್ತ್ರಿ ಒತ್ತಿದರೆ ಮೇಲಿನ ಜುಂಗು ಮಲಗುತ್ತದೆ. ಅಲ್ಲಿ ಈಗಲೂ ಅಂಟಿಲ್ಲದ ಕ್ಯಾನ್ವಾಸ್, ಕೈ ಹೊಲಿಗೆ, ಬೈಗುಳ.

ನೀರಿನ ವಿಧಾನಕ್ಕೆ ಬಂದು ಸುಮಾರು ಒಂದೂವರೆ ವರ್ಷ, ಇನ್ನೂರರ ಹತ್ತಿರ ಕಾಲರ್ ಆಗಿರಬೇಕು. ವಾಪಸ್ ಬಂದಿದ್ದು ಎರಡು. ಒಂದರಲ್ಲಿ ಕಾಜಾ ತಪ್ಪು ಕಡೆ ಹೊಡೆದಿದ್ದೆ. ಇನ್ನೊಂದರ ಕಾಲರ್ ಚೆನ್ನಾಗಿಯೇ ಇತ್ತು, ಗಿರಾಕಿ ದಪ್ಪ ಆಗಿದ್ದ.