ಜಿಂಕ್ ಮಾತ್ರೆಗಿಂತ ಮೊದಲು ತಟ್ಟೆಯ ಲೆಕ್ಕ: ನನ್ನ ಅನುಭವ

ನಾನು ಕುಮಟಾದಲ್ಲಿ ಡಯಟೀಶಿಯನ್. ಕ್ಯಾನ್ಸರ್‌ಗೆ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದಲೇ ಕ್ಯಾನ್ಸರ್ ಎದುರಿಸುವ ಚಿಕಿತ್ಸೆ) ತೆಗೆದುಕೊಳ್ಳಲು ಮಂಗಳೂರು, ಮಣಿಪಾಲ, ಹುಬ್ಬಳ್ಳಿಗೆ ಹೋಗಿಬರುವವರು ಊಟದ ವಿಚಾರ ಕೇಳಲು ಬರುತ್ತಾರೆ. ಹೆಚ್ಚಿನವರು ಮೊದಲು ಕೇಳುವುದೇ ಇದು: "ಮೇಡಂ, ಇಮ್ಯೂನಿಟಿಗೆ ಜಿಂಕ್ ತಗೊಳ್ಳಬಹುದಾ?"

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ ಅನ್ನುತ್ತೇನೆ. ಅಂಕೋಲಾ ಕಡೆಯ ಒಬ್ಬರ ಮಗಳು ಒಂದು ಚೀಲವನ್ನೇ ತಂದು ಮೇಜಿನ ಮೇಲೆ ಸುರಿದರು. ಮಲ್ಟಿವಿಟಮಿನ್, ಕೊರೊನಾ ಕಾಲದಿಂದ ಬಿಡದೆ ನುಂಗುತ್ತಿದ್ದ 50 ಮಿಲಿಗ್ರಾಂ ಜಿಂಕ್, ನೆಂಟರು ಕಳಿಸಿದ ಶಕ್ತಿಯ ಪುಡಿ. ಲೇಬಲ್ ಓದುತ್ತಾ ಇಬ್ಬರೂ ಕೂಡಿಸಿದೆವು. ದಿನಕ್ಕೆ ಜಿಂಕ್ 70 ಮಿಲಿಗ್ರಾಂ ದಾಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಗಂಡಸರಿಗೆ ದಿನಕ್ಕೆ ಬೇಕಾದದ್ದು 17 ಮಿಲಿಗ್ರಾಂ, ಹೆಂಗಸರಿಗೆ 13.2. ದೊಡ್ಡವರು 40 ದಾಟಬಾರದು.

ಜಿಂಕ್ ಜಾಸ್ತಿಯಾದರೆ ಕರುಳು ತಾಮ್ರವನ್ನು ಸರಿಯಾಗಿ ಹೀರುವುದಿಲ್ಲ. ತಾಮ್ರ ಇಳಿದರೆ ರಕ್ತಹೀನತೆ ಬರುತ್ತದೆ, ಬಿಳಿ ರಕ್ತಕಣವೂ ಕಡಿಮೆಯಾಗುತ್ತದೆ. ಇಮ್ಯೂನಿಟಿ ಬರಲಿ ಅಂತ ನುಂಗಿದ್ದು ಅದಕ್ಕೇ ಕುತ್ತು! ಆ ಪಟ್ಟಿಯನ್ನು ಅವರ ಡಾಕ್ಟರಿಗೆ ಬರೆದು ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ ತಾಮ್ರ ಕಡಿಮೆ ಬಂತು. ಜಿಂಕ್, ಪುಡಿ ಎರಡನ್ನೂ ನಿಲ್ಲಿಸಿದರು.

ಹಾಗಂತ ಖನಿಜ ಬೇಡ ಅಂತಲ್ಲ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್‌ನಂಥ ಇಮ್ಯುನೊಥೆರಪಿ ಔಷಧಗಳು ನಮ್ಮ ಟಿ ಕಣಗಳ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ) ಬ್ರೇಕ್ ಬಿಡಿಸುತ್ತವೆ. ಆ ಕಣಗಳು ಬೆಳೆದು ಹೋರಾಡಲು ಜಿಂಕ್, ಸೆಲೆನಿಯಂ, ಕಬ್ಬಿಣ ಬೇಕೇ ಬೇಕು. ಮೆಗ್ನೀಸಿಯಂ ಈ ಸೂಕ್ಷ್ಮ ಖನಿಜಗಳ (ತೀರಾ ಕಡಿಮೆ ಪ್ರಮಾಣದಲ್ಲಿ ಬೇಕಾಗುವವುಗಳ) ಸಾಲಿಗೆ ಸೇರುವುದಿಲ್ಲ, ಆದರೆ ಟಿ ಕಣಗಳ ಕೆಲಸಕ್ಕೆ ಅದೂ ಬೇಕೆಂದು 2022ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಸಂಶೋಧಕರು ತೋರಿಸಿದರು. ಕೊರತೆ ಇದ್ದರೆ ತುಂಬಿಸಲೇಬೇಕು. ಕೊರತೆ ಇಲ್ಲದವರಿಗೆ ಮತ್ತಷ್ಟು ಕೊಟ್ಟರೆ ಔಷಧ ಇನ್ನೂ ಚೆನ್ನಾಗಿ ನಾಟುತ್ತದೆ ಅನ್ನುವುದು ಮಾತ್ರ ಮನುಷ್ಯರಲ್ಲಿ ಸಾಬೀತಾಗಿಲ್ಲ.

ನಮ್ಮ ಕರಾವಳಿಯಲ್ಲಿ ತಟ್ಟೆಯಲ್ಲೇ ಎಷ್ಟೊಂದು ಸಿಗುತ್ತದೆ ಅಲ್ವಾ? ಜಿಂಕ್‌ನಲ್ಲಿ ಕಲ್ವವನ್ನು (ಆಯ್ಸ್ಟರ್) ಮೀರಿಸುವ ಆಹಾರವಿಲ್ಲ. ಅಘನಾಶಿನಿ ನದಿಯ ಬಳಚಿನಲ್ಲಿ (ಒಂದು ಬಗೆಯ ಚಿಪ್ಪುಮೀನು) ಕಬ್ಬಿಣವೂ ಇದೆ. ಮೀನು, ಮೊಟ್ಟೆಯಲ್ಲಿ ಸೆಲೆನಿಯಂ. ಚಿಪ್ಪಿನದು ಯಾವುದಾದರೂ ಚೆನ್ನಾಗಿ ಬೇಯಲೇಬೇಕು, ಅರೆಬೆಂದದ್ದು ಈ ರೋಗಿಗಳಿಗೆ ಅಪಾಯ.

ಶಿರಸಿ ಕಡೆಯ ಸಸ್ಯಾಹಾರಿಗಳಿಗೆ ಹೆಸರುಕಾಳು, ಕಡಲೆ, ಎಳ್ಳು, ಕುಂಬಳದ ಬೀಜ ಹೇಳುತ್ತೇನೆ. ಕಾಳಿನಲ್ಲಿರುವ ಫೈಟೇಟ್ ಅನ್ನುವ ಅಂಶ ಜಿಂಕನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ಮೊಳಕೆಕಾಳು ಹಸಿಯಾಗಿ ಬೇಡ, ಬೇಯಿಸಿ ಪಲ್ಯ ಮಾಡಿ.

ಇನ್ನೊಂದು ಮಾತು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಭೇದಿ ಶುರುವಾದರೆ ಮಜ್ಜಿಗೆ, ಗಂಜಿ ಅಂತ ಸುಮ್ನೆ ಕಾಯಬೇಡಿ. ಭೇದಿಯಲ್ಲಿ ಜಿಂಕ್, ಮೆಗ್ನೀಸಿಯಂ ಎರಡೂ ಹೋಗುತ್ತವೆ ನಿಜ. ಅದಕ್ಕಿಂತ ಮುಖ್ಯವಾಗಿ, ಇಮ್ಯುನೊಥೆರಪಿಯಿಂದ ಕರುಳಿಗೇ ಉರಿಯೂತ ಬರಬಹುದು. ಆಸ್ಪತ್ರೆಗೆ ಅದೇ ದಿನ ಫೋನ್ ಮಾಡಿ.