ರಕ್ತದಲ್ಲಿ ಸೀಸ: ಅಳೆಸುವುದು ಹೇಗೆ, ಅಂಕಿ ಓದುವುದು ಹೇಗೆ

ಸಿಬಿಸಿ (ರಕ್ತಕಣಗಳನ್ನು ಎಣಿಸುವ ಸಾಮಾನ್ಯ ಪರೀಕ್ಷೆ) ಮಾಡಿಸಿದರೆ ರಕ್ತದಲ್ಲಿ ಸೀಸ ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆ ಎಂದು ವರದಿ ಬರುತ್ತದೆ, ಕಬ್ಬಿಣದ ಮಾತ್ರೆ ಕೊಡುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಸೀಸದ ಪರೀಕ್ಷೆಯನ್ನು ಹೆಸರು ಹಿಡಿದೇ ಕೇಳಬೇಕು: ‘ಬ್ಲಡ್ ಲೆಡ್’. ಮೂರು ತಿಂಗಳು ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ ಇದನ್ನು ಕೇಳಲು ಕಾರಣವಿದೆ, ಏಕೆಂದರೆ ಹಿಮೋಗ್ಲೋಬಿನ್ ತಯಾರಿಸುವ ಕಿಣ್ವಗಳನ್ನೇ ಸೀಸ ತಡೆಯುತ್ತದೆ. ಇನ್ನೊಂದು ತೊಡಕು, ಮೈಯಲ್ಲಿ ಕಬ್ಬಿಣ ಕಡಿಮೆಯಿದ್ದಷ್ಟೂ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಒಂದು ಇನ್ನೊಂದಕ್ಕೆ ಗೊಬ್ಬರ.

ಯಾರು ಅಳೆಸಬೇಕು

ಬ್ಯಾಟರಿ ಬಿಚ್ಚುವವರು, ಹಳೆ ಪ್ಲೇಟು ಕರಗಿಸುವವರು, ಬೆಸುಗೆ ಹಾಕುವವರು, ಹಳೆಯ ಪೇಂಟ್ ಕೆರೆಯುವವರು, ಮತ್ತು ಇವರ ಮನೆಯ ಮಕ್ಕಳು. ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಂಡರೆ ಪುಡಿಯೂ ಜೊತೆಗೆ ಬಂದಿರುತ್ತದೆ. ಕಲಾಯಿ ಕೆಲಸದಲ್ಲಿ ಶುದ್ಧ ತವರಕ್ಕೆ ಬದಲು ಸೀಸ ಬೆರೆತ ತವರ ಬಳಸುವುದುಂಟು. ಅದು ಅಗ್ಗ, ಬೇಗ ಕರಗುತ್ತದೆ ಕೂಡ: ಶುದ್ಧ ತವರಕ್ಕೆ 232 ಡಿಗ್ರಿ ಶಾಖ ಬೇಕು, ಸೀಸ ಬೆರೆಸಿದ ಬೆಸುಗೆ ಲೋಹಕ್ಕೆ 183 ಸಾಕು. ಅಂಥ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಿದರೆ ಸೀಸ ಸಾರಿಗೆ ಇಳಿಯುತ್ತದೆ.

ಬೀದರ್‌ನವರಿಗೆ ಪ್ರತ್ಯೇಕವಾಗಿ ಒಂದು ಮಾತು. ಬಿದ್ರಿಯ ಮೂಲ ಲೋಹ ಸತು, ಜೊತೆಗೆ ಸ್ವಲ್ಪ ತಾಮ್ರ. ಹಳೆಯ ಬಿದ್ರಿ ವಸ್ತುಗಳನ್ನು ಪರೀಕ್ಷಿಸಿದಾಗ ಅಲ್ಪ ಪ್ರಮಾಣದ ಸೀಸವೂ ಸಿಕ್ಕಿದೆ. ಗುಜರಿ ಸತು ಕರಗಿಸಿದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಹಾಗೆಂದು ಬಿದ್ರಿ ಕೆಲಸವೇ ವಿಷ ಎಂದು ಯಾರೂ ಹೇಳಬಾರದು. ಎರಕ ಹೊಯ್ಯುವವರು, ಅರ ಉಜ್ಜುವವರು ಒಮ್ಮೆ ಅಳೆಸಿ ನೋಡಲಿ, ಅಷ್ಟೇ.

ಕೆಲಸಕ್ಕೆ ಸಂಬಂಧವಿಲ್ಲದ ಮೂಲಗಳೂ ಇವೆ. ಕೆಲವು ಸುರ್ಮಾ ಸೀಸದ ಅದಿರನ್ನೇ ಅರೆದ ಪುಡಿ. ಅರಿಷಿಣಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿ ಬಣ್ಣ ಬೆರೆಸುವವರಿದ್ದಾರೆ. ಪುಡಿಗೆ ಮಾತ್ರವಲ್ಲ, ಇಡೀ ಕೊಂಬಿಗೂ ಹಚ್ಚುವುದುಂಟು, ಆದ್ದರಿಂದ ‘ಕೊಂಬು ತಂದು ಮನೆಯಲ್ಲೇ ಕುಟ್ಟಿದ್ದೇವೆ’ ಎಂಬ ಭರವಸೆ ಸಾಲದು. ನಾಗಭಸ್ಮ ಎಂದರೆ ಸೀಸದ ಭಸ್ಮ. ಮಣ್ಣು ತಿನ್ನುವ ಮಕ್ಕಳು, ಮಣ್ಣಿನ ಬಯಕೆಯಿರುವ ಬಸುರಿಯರು ಈ ಪಟ್ಟಿಯಲ್ಲಿ ಮೊದಲು ಬರಬೇಕು. ನುಂಗಿದ ಸೀಸದಲ್ಲಿ ದೊಡ್ಡವರ ಮೈ ಹತ್ತನೇ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಹೀರಿದರೆ, ಪುಟ್ಟ ಮಕ್ಕಳ ಮೈ ಅರ್ಧದಷ್ಟನ್ನು ಹೀರಬಲ್ಲದು.

ಬೆರಳು ಚುಚ್ಚಿದಾಗ ಏನು ಕೆಡುತ್ತದೆ

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಬೆರಳಿನಿಂದ ತೆಗೆಯುವುದು ಒಂದು ಹನಿ, 50 ಮೈಕ್ರೋಲೀಟರ್. ರಕ್ತದಲ್ಲಿ ಸೀಸ ಡೆಸಿಲೀಟರಿಗೆ (100 ಮಿ.ಲೀ.) 3.5 ಮೈಕ್ರೋಗ್ರಾಂ ಇದ್ದರೆ ಆ ಹನಿಯಲ್ಲಿರುವ ಸೀಸ 1.75 ನ್ಯಾನೋಗ್ರಾಂ ಮಾತ್ರ. ಈಗ ಬೆರಳಿನ ಮೇಲೆ ಶೇ 1ರಷ್ಟು ಸೀಸವಿರುವ ಧೂಳಿನ ಒಂದು ಮೈಕ್ರೋಗ್ರಾಂ ಕಣ ಅಂಟಿದೆ ಎನ್ನಿ. ಅದರಲ್ಲಿ 10 ನ್ಯಾನೋಗ್ರಾಂ ಸೀಸ ಇರುತ್ತದೆ. ಅದು ಹನಿಗೆ ಸೇರಿದರೆ 3.5 ಇದ್ದದ್ದು 23.5 ಎಂದು ಬರುತ್ತದೆ. ಕಣ್ಣಿಗೇ ಕಾಣದ ಧೂಳು ಒಂದು ಮನೆಯ ನಿದ್ದೆ ಕೆಡಿಸುತ್ತದೆ.

ಆದ್ದರಿಂದ ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆಯಿರಿ. ಸೀರೆಯ ಸೆರಗಿಗೆ, ಟವೆಲಿಗೆ ಒರೆಸಬೇಡಿ, ಗಾಳಿಯಲ್ಲಿ ಆರಲಿ. ಆಮೇಲೆ ಆ ಬೆರಳು ಯಾವುದನ್ನೂ ಮುಟ್ಟಬಾರದು. ಮಗುವಿನ ಕೈಯನ್ನು ತಾಯಿ ಹಿಡಿದಿದ್ದರೆ ತಾಯಿಯೂ ಕೈ ತೊಳೆದಿರಬೇಕು. ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ನಡುಬೆರಳು ಅಥವಾ ಉಂಗುರಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಿ. ಮೊದಲ ಹನಿಯನ್ನು ಒರೆಸಿ ಬಿಡಿ, ಎರಡನೆಯದನ್ನು ತೆಗೆದುಕೊಳ್ಳಿ. ನಳಿಕೆಯ ತುದಿಯಿಂದ ಚರ್ಮವನ್ನು ಕೆರೆಯಬೇಡಿ, ಹನಿಯನ್ನಷ್ಟೇ ಮುಟ್ಟಿಸಿ. ಬ್ಯಾಟರಿ ಅಂಗಡಿಯಲ್ಲೇ ಕೂತು ಮಾದರಿ ತೆಗೆಯುವ ಶಿಬಿರಗಳನ್ನಂತೂ ದಯವಿಟ್ಟು ಬೇಡವೆನ್ನಿ.

ಇಷ್ಟೆಲ್ಲ ಮಾಡಿದರೂ ಬೆರಳಿನ ಪರೀಕ್ಷೆ ಜರಡಿ ಮಾತ್ರ. ಅಂಕಿ ಹೆಚ್ಚು ಬಂದರೆ ತೋಳಿನ ರಕ್ತನಾಳದಿಂದ ತೆಗೆದು ಖಚಿತಪಡಿಸಿಕೊಳ್ಳಬೇಕು.

ತೋಳಿನಿಂದ ತೆಗೆಯುವಾಗ

2ರಿಂದ 3 ಮಿ.ಲೀ. ಸಾಕು, ಬೆಳಿಗ್ಗೆ ಉಪವಾಸ ಬೇಕಿಲ್ಲ. ಟ್ಯೂಬ್ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ನೇರಳೆ ಮುಚ್ಚಳದ್ದಾಗಬೇಕು. ಲೋಹದ ಪರೀಕ್ಷೆಗೆಂದೇ ಬರುವ ಗಾಢ ನೀಲಿ ಮುಚ್ಚಳದ ಇಡಿಟಿಎ ಟ್ಯೂಬ್ ಸಿಕ್ಕರೆ ಇನ್ನೂ ಒಳ್ಳೆಯದು. ಸೀರಂ (ಕಣಗಳಿಲ್ಲದ ರಕ್ತದ ತಿಳಿ) ತೆಗೆಯುವ ಕೆಂಪು ಮುಚ್ಚಳದ ಟ್ಯೂಬಿಗೆ ಹಾಕಿದರೆ ಪರೀಕ್ಷೆ ವ್ಯರ್ಥ. ರಕ್ತದ ಸೀಸದಲ್ಲಿ ಸುಮಾರು ಶೇ 99 ಕೆಂಪು ಕಣಗಳ ಒಳಗಿರುತ್ತದೆ. ಕಣಗಳನ್ನು ಬೇರ್ಪಡಿಸಿ ಸೀರಂ ಕಳಿಸಿದರೆ ವಿಷವೇರಿದವರ ವರದಿಯೂ ಚೆನ್ನಾಗಿಯೇ ಬರುತ್ತದೆ.

ತುಂಬಿದ ಕೂಡಲೇ ಟ್ಯೂಬನ್ನು 8ರಿಂದ 10 ಸಲ ಮೆಲ್ಲಗೆ ಮೇಲೆಕೆಳಗೆ ಮಾಡಿ. ಹೆಪ್ಪುಗಟ್ಟಿದರೆ ಒಂದು ಕಡೆ ಕಣಗಳು ಗುಂಪಾಗಿ, ಯಂತ್ರ ಹೀರುವ ಹನಿಯಲ್ಲಿ ಎಷ್ಟಿದೆ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಕಲಬುರಗಿ, ಯಾದಗಿರಿಯಲ್ಲಿ ತೆಗೆದ ಮಾದರಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾಗಿ ಬಂದರೆ, ಮೇ ತಿಂಗಳ 42 ಡಿಗ್ರಿಯ ನೆನಪಿರಲಿ. ಸೀಸ ಬಿಸಿಲಿಗೆ ಕೆಡುವ ವಸ್ತುವಲ್ಲ, ಕೆಡುವುದು ರಕ್ತ. 2ರಿಂದ 8 ಡಿಗ್ರಿಯಲ್ಲಿಡಿ, ಐಸ್ ಪ್ಯಾಕಿಗೆ ನೇರವಾಗಿ ತಾಗಿಸಬೇಡಿ.

ಯಂತ್ರ, ಅಂಕಿ, ಮಾನ

ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ ಮೂರು ನಿಮಿಷದಲ್ಲಿ ಹೇಳುತ್ತದೆ, ಆದರೆ ಹೆಚ್ಚು ಬಳಕೆಯಲ್ಲಿರುವ ಯಂತ್ರದ ವ್ಯಾಪ್ತಿ 3.3ರಿಂದ 65 ಮಾತ್ರ (ಇಲ್ಲಿಂದ ಮುಂದೆ ಮಾನ ಹೇಳದ ಅಂಕಿಗಳೆಲ್ಲ ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ). ಪರದೆಯಲ್ಲಿ ‘ಲೋ’ ಬಂದರೆ 3.3ಕ್ಕಿಂತ ಕಡಿಮೆ ಎಂದರ್ಥ, ಸೊನ್ನೆ ಎಂದಲ್ಲ. ಪ್ರಯೋಗಾಲಯದಲ್ಲಿ ಗ್ರಾಫೈಟ್ ಫರ್ನೇಸ್ ಅಥವಾ ಐಸಿಪಿ-ಎಂಎಸ್ ಎಂಬ ಅಳೆಯುವ ವಿಧಾನ ಬಳಸುತ್ತಾರೆ. ಎರಡನೆಯದು ತೀರಾ ಕಡಿಮೆ ಪ್ರಮಾಣವನ್ನೂ ಹಿಡಿಯುತ್ತದೆ. ಮಾದರಿ ಕೊಡುವ ಮೊದಲು ಎರಡೇ ಪ್ರಶ್ನೆ ಕೇಳಿ: ಯಾವ ವಿಧಾನ? ಈ ಪರೀಕ್ಷೆಗೆ ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ? ಕೂದಲಿನ ಪರೀಕ್ಷೆ, ಔಷಧ ಕೊಟ್ಟು ಮೂತ್ರ ಹಿಡಿಯುವ ಪರೀಕ್ಷೆ ಎಂದು ಮಾರುವವರಿಗೆ ಹಣ ಕೊಡಬೇಡಿ.

ವರದಿ ಬಂದಾಗ ಮೊದಲು ಅಂಕಿಯನ್ನಲ್ಲ, ಅಳತೆಯ ಮಾನ (ಯೂನಿಟ್) ಯಾವುದೆಂದು ಓದಿ. ಡೆಸಿಲೀಟರಿಗೆ 3.5 ಮತ್ತು ಲೀಟರಿಗೆ 35 ಒಂದೇ. ಇದನ್ನು ನೋಡದೆ 35 ಎಂದು ಹೌಹಾರಿದವರೂ ಇದ್ದಾರೆ, ಡೆಸಿಲೀಟರಿಗೆ 20 ಬಂದದ್ದನ್ನು ಲೀಟರಿಗೆ ಎಂದು ತಿಳಿದು ಕಡೆಗಣಿಸಿದವರೂ ಇದ್ದಾರೆ. ಪಕ್ಕದ ಅಂಕಣದಲ್ಲಿ ‘ಸಾಮಾನ್ಯ: 25ರ ಒಳಗೆ’ ಅಥವಾ ‘10ರ ಒಳಗೆ’ ಎಂದು ಅಚ್ಚಾಗಿದ್ದರೆ ಅದು ಹಳೆಯ ಕಾಲದ ಗೆರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಕ್ಕಳಿಗೆ 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5 ಎಂದಿದ್ದದ್ದನ್ನು 2021ರಲ್ಲಿ 3.5ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 5 ಮುಟ್ಟಿದರೆ ಮೂಲ ಹುಡುಕಿ ತೆಗೆಯಿರಿ ಎನ್ನುತ್ತದೆ. ಇಷ್ಟಿದ್ದರೆ ಸುರಕ್ಷಿತ ಎನ್ನುವ ಪ್ರಮಾಣ ಯಾವುದೂ ಇಲ್ಲ.

ಬೆರಳಿನ ಪರೀಕ್ಷೆಯಲ್ಲಿ 3.5ರಿಂದ 9 ಬಂದರೆ ಮೂರು ತಿಂಗಳೊಳಗೆ, 10ರಿಂದ 19 ಬಂದರೆ ಒಂದು ತಿಂಗಳೊಳಗೆ, 20ರಿಂದ 44 ಬಂದರೆ ಎರಡು ವಾರದೊಳಗೆ ತೋಳಿನ ರಕ್ತದಿಂದ ಖಚಿತಪಡಿಸಬೇಕು. 45 ಮುಟ್ಟಿದರೆ 48 ಗಂಟೆಯೊಳಗೆ. ಮಗು ಮಂಪರಾಗಿದ್ದರೆ, ಪದೇ ಪದೇ ವಾಂತಿ ಮಾಡುತ್ತಿದ್ದರೆ, ಸೆಳವು ಬಂದರೆ ಗಂಟೆ ಎಣಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

5, 10ರಷ್ಟಿದ್ದಾಗ ಮಗುವಿನಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಕಲಿಕೆ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ. ಅದಕ್ಕೆ ಮಾಸ್ತರರು ‘ಹುಡುಗ ತುಂಟ’ ಎಂದು ಹೆಸರಿಡುತ್ತಾರೆ. ದೊಡ್ಡವರಲ್ಲಿ ರಕ್ತದೊತ್ತಡ ಏರುವುದು, ಮೂತ್ರಪಿಂಡ ಸೊರಗುವುದು, ಗರ್ಭಪಾತ. ಅಂಕಿ ಬಹಳ ಏರಿದಾಗ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ಮುಂಗೈ ಜೋತುಬೀಳುವುದು, ಒಸಡಿನ ಅಂಚಿಗೆ ನೀಲಿ ಗೆರೆ.

ಅಂಕಿ ಬಂದ ಮೇಲೆ

ಮೊದಲು ಮೂಲ ತೆಗೆಯಬೇಕು, ಔಷಧದ ಮಾತು ಆಮೇಲೆ. ಮಕ್ಕಳಲ್ಲಿ 45 ಮತ್ತು ಅದಕ್ಕೂ ಮೇಲಿದ್ದರೆ ಸೀಸವನ್ನು ಕಟ್ಟಿ ಮೂತ್ರದಲ್ಲಿ ಹೊರಹಾಕುವ ಸಕ್ಸಿಮರ್‌ನಂಥ ಔಷಧ ಕೊಡುತ್ತಾರೆ. ಅದನ್ನು ತಜ್ಞರೇ ಕೊಡಬೇಕು. ಔಷಧ ನುಂಗುತ್ತ ಅದೇ ಧೂಳಿನ ಮನೆಯಲ್ಲಿ ಇದ್ದರೆ ಕರುಳು ಇನ್ನಷ್ಟು ಸೀಸ ಹೀರಬಹುದು. ಮನೆಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಬಟ್ಟೆ, ಚಪ್ಪಲಿ ಕೆಲಸದಲ್ಲೇ ಉಳಿಯಲಿ, ಸ್ನಾನ ಮಾಡಿಯೇ ಮಗುವನ್ನು ಮುಟ್ಟಿ. ಹಾಲು, ರಾಗಿ, ಸೊಪ್ಪು, ಬೇಳೆ ತಪ್ಪಿಸಬೇಡಿ. ಖಾಲಿ ಹೊಟ್ಟೆಯಲ್ಲಿ ಸೀಸ ಹೆಚ್ಚು ಒಳಗಿಳಿಯುತ್ತದೆ. ಕಾರ್ಖಾನೆಯ ಕಾರ್ಮಿಕರಾದರೆ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ (ವರದಿ ಮಾಡಲೇಬೇಕಾದ ರೋಗಗಳ ಪಟ್ಟಿ) ಮೊದಲು ಬರುತ್ತಿದ್ದುದೇ ಸೀಸದ ವಿಷ, ಈಗ ಅದರ ಜಾಗಕ್ಕೆ ಬಂದಿರುವ ಕಾರ್ಮಿಕ ಸಂಹಿತೆಯ ಪಟ್ಟಿಯಲ್ಲೂ ಅದು ಇದೆ; ನೋಡಿದ ವೈದ್ಯರು ಅದನ್ನು ಇಲಾಖೆಗೆ ವರದಿ ಮಾಡಲೇಬೇಕು.

ಮರುಪರೀಕ್ಷೆಯನ್ನು ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಲ್ಲಿ, ತೋಳಿನ ರಕ್ತದಿಂದಲೇ ಮಾಡಿಸಿ. ರಕ್ತದಲ್ಲಿ ಸೀಸದ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಬೇಕಾದ ಕಾಲ) ಸುಮಾರು 30 ದಿನ, ಅಂದರೆ ಅಂಕಿ ಹೆಚ್ಚಾಗಿ ಇತ್ತೀಚಿನ ಕೆಲವು ವಾರಗಳ ಕಥೆ ಹೇಳುತ್ತದೆ. ಆದರೆ ಇಪ್ಪತ್ತು ವರ್ಷ ಬ್ಯಾಟರಿ ಕರಗಿಸಿದವರು ಕೆಲಸ ಬಿಟ್ಟ ತಿಂಗಳಿಗೇ ಅರ್ಧಕ್ಕೆ ಇಳಿಯಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಮೈ ಸೀಸವನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ, ಅಲ್ಲಿಂದ ಅದು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಬಸಿರು, ಬಾಣಂತನದಲ್ಲಿ ಈ ಇಳಿಕೆ ಇನ್ನೂ ಹೆಚ್ಚುವುದರಿಂದ, ಹಿಂದೆ ಇಂಥ ಕೆಲಸ ಮಾಡಿದ ಹೆಣ್ಣುಮಕ್ಕಳು ಬಸುರಿಯಾದಾಗ ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ಆ ವಿಷಯ ಹೇಳಿ ಬ್ಲಡ್ ಲೆಡ್ ಬರೆಸಿಕೊಳ್ಳಬೇಕು.