ಐಸ್ ಹಾಕಿಯ ಮೊದಲ ವೃತ್ತಿಪರರ ಹಳೆಯ ಫೋಟೊ ಸಂಗ್ರಹಿಸುವುದು ಹೇಗೆ?

ಕೆನಡಾ ಮತ್ತು ಅಮೆರಿಕದ ಐಸ್ ಹಾಕಿಯಲ್ಲಿ ಸಂಬಳಕ್ಕೆ ಆಡುವ ಆಟಗಾರರು ಬಹಿರಂಗವಾಗಿ ಕಾಣಿಸಿಕೊಂಡ ಕಾಲದ ಫೋಟೊಗಳನ್ನು ಕೂಡಿಡಬೇಕೆನ್ನುವವರು ಮೊದಲು ತಮ್ಮ ವ್ಯಾಪ್ತಿಯನ್ನು ಗೊತ್ತುಮಾಡಿಕೊಳ್ಳಬೇಕು. 1904ರಿಂದ 1907ರವರೆಗೆ ನಡೆದ ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಹಾಕಿ ಲೀಗ್, 1909ರ ನ್ಯಾಷನಲ್ ಹಾಕಿ ಅಸೋಸಿಯೇಷನ್, ಆಟಗಾರರೂ ಆಗಿದ್ದ ಪ್ಯಾಟ್ರಿಕ್ ಸೋದರರು 1911ರಲ್ಲಿ ಕಟ್ಟಿದ ಪೆಸಿಫಿಕ್ ಕೋಸ್ಟ್ ಲೀಗ್, 1917ರ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್) ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಸೈಕ್ಲೋನ್ ಟೇಲರ್, ಜಾರ್ಜ್ ವೆಜಿನಾ ಅವರಂಥ ಹೆಸರಾಂತ ಆಟಗಾರರ ಬೆನ್ನು ಹತ್ತುವುದಕ್ಕಿಂತ, ಹೆಸರು ಮರೆತುಹೋದ ಆಟಗಾರರ ತಂಡಚಿತ್ರಗಳಿಂದ ಆರಂಭಿಸುವುದೇ ಲೇಸು.

ಫೋಟೊ ಕೈಗೆ ಬಂದಾಗ ಮುಖಕ್ಕಿಂತ ಮೊದಲು ಹಿಂಬದಿ ನೋಡಬೇಕು. ದಪ್ಪ ರಟ್ಟಿಗೆ ಅಂಟಿಸಿದ ಕ್ಯಾಬಿನೆಟ್ ಕಾರ್ಡ್‌ನಲ್ಲಿ ಸ್ಟುಡಿಯೋದ ಹೆಸರು, ಊರು ಅಚ್ಚಾಗಿರುವುದುಂಟು. ಪತ್ರಿಕೆಗಾಗಿ ತೆಗೆದ ಚಿತ್ರವಾದರೆ ಮೊಹರೋ ಅಂಟಿಸಿದ ವಿವರದ ಚೀಟಿಯೋ ಸಿಗಬಹುದು. ಫೋಟೊ ಪೋಸ್ಟ್‌ಕಾರ್ಡ್ ಆಗಿದ್ದು, ಅಂಚೆಚೀಟಿಯ ಚೌಕದಲ್ಲಿ ‘ಅಜೊ’ ಎಂಬ ಕಾಗದದ ಹೆಸರಿನೊಡನೆ ನಾಲ್ಕೂ ಮೂಲೆಯ ತ್ರಿಕೋನಗಳು ಮೇಲ್ಮುಖವಾಗಿದ್ದರೆ ಆ ಕಾಗದ ಸುಮಾರು 1904–1918ರದು. ಎರಡು ಮೇಲಕ್ಕೆ, ಎರಡು ಕೆಳಕ್ಕೆ ಇದ್ದರೆ ಅದರ ನಂತರದ್ದು.

ಬಳಿಕ ಭೂತಗನ್ನಡಿ ಹಿಡಿಯಿರಿ. ಸಾಲುಸಾಲಾದ ಚುಕ್ಕೆಗಳು ಕಂಡರೆ ಅದು ಪತ್ರಿಕೆಯಲ್ಲೋ ಪುಸ್ತಕದಲ್ಲೋ ಮುದ್ರಣಗೊಂಡ ಚಿತ್ರವೇ ಹೊರತು ಫೋಟೊ ಅಲ್ಲ. ಕತ್ತಲೆಯಲ್ಲಿ ಯುವಿ ಟಾರ್ಚ್ ಬಿಟ್ಟಾಗ ಕಾಗದ ನೀಲಿಯಾಗಿ ಹೊಳೆದರೆ, ಅದಕ್ಕೆ 1950ರ ಸುಮಾರಿಗೆ ಬಳಕೆಗೆ ಬಂದ ಬಿಳುಪುಕಾರಕ ಸೇರಿದೆ ಎಂದರ್ಥ. ಹಳೆಯ ನೆಗೆಟಿವ್‌ನಿಂದ ತಡವಾಗಿ ತೆಗೆದ ಪ್ರಿಂಟ್‌ಗಳು ಹೀಗೆ ಸಿಕ್ಕಿಬೀಳುತ್ತವೆ. ಹೊಳೆಯದಿದ್ದ ಮಾತ್ರಕ್ಕೆ ಹಳೆಯದೆಂದು ತೀರ್ಮಾನಿಸಬಾರದು, ಏಕೆಂದರೆ ಬಿಳುಪುಕಾರಕವಿಲ್ಲದ ಕಾಗದ ಈಗಲೂ ತಯಾರಾಗುತ್ತದೆ. ಕಪ್ಪು ಭಾಗಗಳ ಅಂಚಿನಲ್ಲಿ, ಓರೆಯಾಗಿ ಹಿಡಿದಾಗ ಮಾತ್ರ ಕಾಣುವ ಬೆಳ್ಳಿಯ ಹೊಳಪು ಒಳ್ಳೆಯ ಲಕ್ಷಣ.

ತಂಡಚಿತ್ರದಲ್ಲಿ ಆಟಗಾರರನ್ನು ಕತ್ತರಿಸಿ ಅಂಟಿಸಿದಂತೆ ಕಂಡರೆ ನಕಲಿ ಎಂದು ಕೈಬಿಡಬೇಡಿ. ಒಬ್ಬೊಬ್ಬರನ್ನೂ ಸ್ಟುಡಿಯೋದಲ್ಲಿ ಬೇರೆಬೇರೆಯಾಗಿ ತೆಗೆದು, ಬರೆದ ಹಿನ್ನೆಲೆಯ ಮೇಲೆ ಜೋಡಿಸಿ, ಒಟ್ಟಾಗಿ ಮತ್ತೆ ಫೋಟೊ ತೆಗೆಯುವುದು ಆ ಕಾಲದ ರೂಢಿ. ಕೆನಡಾದ ಮಾಂಟ್ರಿಯಲ್‌ನ ನೋಟ್‌ಮನ್ ಸ್ಟುಡಿಯೋ ಇದರಲ್ಲಿ ಎತ್ತಿದ ಕೈ. ಅದರ ಸಂಗ್ರಹ ಅದೇ ನಗರದ ಮೆಕಾರ್ಡ್ ಸ್ಟೀವರ್ಟ್ ಮ್ಯೂಸಿಯಂನಲ್ಲಿರುವುದರಿಂದ ಹೋಲಿಸಿ ನೋಡಬಹುದು.

ಇಸವಿ ಹೇಳುವುದರಲ್ಲಿ ಜೆರ್ಸಿಯಷ್ಟು ಪ್ರಾಮಾಣಿಕ ಸಾಕ್ಷಿ ಇನ್ನೊಂದಿಲ್ಲ. ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಲಾಂಛನದ ‘ಸಿ’ ಒಳಗೆ ‘ಎ’ ಬದಲು ‘ಎಚ್’ ಬಂದದ್ದು 1917ರ ಆಸುಪಾಸಿನಲ್ಲಿ. ಆದ್ದರಿಂದ ‘ಎಚ್’ ಕಾಣುವ ಚಿತ್ರದ ಕೆಳಗೆ 1912 ಎಂದು ಬರೆದಿದ್ದರೆ ಆ ಬರಹವನ್ನು ನಂಬಬೇಕಿಲ್ಲ. ತಲೆ ಎಣಿಸಿ ಕಾಲ ನಿರ್ಣಯಿಸುವುದು ಮಾತ್ರ ಕೆಲಸಕ್ಕೆ ಬಾರದು: ನ್ಯಾಷನಲ್ ಅಸೋಸಿಯೇಷನ್ 1911ರಲ್ಲೇ ಏಳನೆಯ ಆಟಗಾರನನ್ನು ಕೈಬಿಟ್ಟು ಆರು ಜನರ ತಂಡಕ್ಕೆ ಬಂದರೂ ಪೆಸಿಫಿಕ್ ಲೀಗ್ 1922ರವರೆಗೆ ಉಳಿಸಿಕೊಂಡಿತ್ತು, ಮೇಲಾಗಿ ಬದಲಿ ಆಟಗಾರರೂ ಚಿತ್ರದಲ್ಲಿ ನಿಂತಿರುತ್ತಾರೆ.

ಹರಾಜಿನಲ್ಲಿ ಕೊಳ್ಳುವಾಗ ಎರಡೂ ಬದಿಯ ಸ್ಕ್ಯಾನ್ ಕೇಳಿ ಪಡೆಯಿರಿ. ಮನೆಗೆ ತಂದ ಮೇಲೆ ಲ್ಯಾಮಿನೇಷನ್, ಟೇಪ್, ಪಿವಿಸಿ ಹಾಳೆಯ ಆಲ್ಬಂ ಯಾವುದೂ ಬೇಡ. ಪಾಲಿಯೆಸ್ಟರ್ ಕವಚದಲ್ಲಿಟ್ಟು ಆಮ್ಲರಹಿತ ಪೆಟ್ಟಿಗೆಯಲ್ಲಿ ಇಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಿಸಿ, ಬೂಷ್ಟು ಹಿಡಿದಿದೆಯೇ ಎಂದು ಆಗಾಗ ತೆರೆದು ನೋಡುತ್ತಿರಬೇಕು.